ನೆರೆ ತಡೆ ಕಾಮಗಾರಿ: ಜನರನ್ನು ಕೇಳುವುದು ಯಾವಾಗ?

ಅಮೆರಿಕದ ಸಣ್ಣ ಊರುಗಳ ಪತ್ರಿಕೆಗಳ ಒಳಪುಟದಲ್ಲಿ, ಇಲ್ಲವೇ ನಗರಾಡಳಿತದ ಜಾಲತಾಣದ ಒಂದು ಮೂಲೆಯಲ್ಲಿ ಆಗಾಗ ಒಂದು ಪ್ರಕಟಣೆ ಕಾಣಿಸುತ್ತದೆ. ನಾಲ್ಕೈದು ಪ್ಯಾರಾ, ಅಷ್ಟೇ. ಇಂಥ ಹಳ್ಳದ ಪಕ್ಕ ಮಳೆನೀರು ತಂಗುವ ಕೊಳ ತೋಡುತ್ತೇವೆ, ಇಂಥ ರಸ್ತೆಯ ಮೋರಿಗಳನ್ನು ಅಗಲ ಮಾಡುತ್ತೇವೆ, ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಹಣ ಕೊಡುತ್ತಿದೆ, ಪರಿಸರ ವರದಿಯ ಕರಡು ಗ್ರಂಥಾಲಯದಲ್ಲಿದೆ, ಅಭಿಪ್ರಾಯವಿದ್ದರೆ 30 ದಿನದೊಳಗೆ ಬರೆದು ಕಳಿಸಿ. ಹೆಚ್ಚಿನವರು ಇದನ್ನು ಓದುವುದೇ ಇಲ್ಲ. ಓದಿದವರಲ್ಲೂ ಬರೆಯುವವರು ಕಡಿಮೆ. ಗಡುವು ಮುಗಿದ ಮೇಲೆ 'ಯಾವ ಆಕ್ಷೇಪವೂ ಬಂದಿಲ್ಲ' ಎಂಬ ಒಂದು ಸಾಲು ಕಡತಕ್ಕೆ ಸೇರಿ, ಕೆಲಸ ಟೆಂಡರ್‌ಗೆ ಹೋಗುತ್ತದೆ.

ಇಂಥ ಕಾಮಗಾರಿಗಳ ಖರ್ಚಿನಲ್ಲಿ ಸಾಮಾನ್ಯವಾಗಿ ಶೇ 75 ಕೇಂದ್ರದ್ದು, ಉಳಿದ ಶೇ 25 ಸ್ಥಳೀಯರದ್ದು. ಹಣ ತೆರಿಗೆದಾರರದ್ದು, ಕೆಲಸ ಜನರ ಮನೆ ಬಾಗಿಲಲ್ಲಿ ನಡೆಯುವಂಥದ್ದು. ನ್ಯೂಜೆರ್ಸಿ, ಹ್ಯೂಸ್ಟನ್ ಕಡೆ ಮನೆ ಕೊಂಡ ಕನ್ನಡಿಗರಿಗಂತೂ ಇದು ದೂರದ ವಿಷಯವೇ ಅಲ್ಲ. ಜನರನ್ನು ಕೇಳುವುದನ್ನು ಅಲ್ಲಿನ ಕಾನೂನು ಕಡ್ಡಾಯ ಮಾಡಿತ್ತು, ಕೇಳುತ್ತಲೂ ಬಂದಿದ್ದಾರೆ. ಆದರೆ ಕೇಳುವ ಹೊತ್ತಿಗೆ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ. ಈಗ, 2025ರ ಬದಲಾವಣೆಗಳ ನಂತರ, ಆ ಕೇಳುವಿಕೆಯೂ ತೆಳುವಾಗುತ್ತಿದೆ.

ಎಂಟು ಹೆಜ್ಜೆ

ಈ ಪ್ರಕಟಣೆಗಳ ಹಿಂದೆ ಎರಡು ಹಳೆಯ ನಿಯಮಗಳಿವೆ. ಒಂದು, 1970ರ ಜನವರಿ 1ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. ಎಲ್ಲರೂ ಅದನ್ನು ನೀಪಾ ಎನ್ನುತ್ತಾರೆ. ಕೇಂದ್ರದ ಹಣ ಅಥವಾ ಅನುಮತಿ ಬೇಕಾದ ಕೆಲಸಕ್ಕೆ ಮೊದಲು ಪರಿಣಾಮ ಏನೆಂದು ನೋಡಿ, ಬೇರೆ ದಾರಿಗಳನ್ನೂ ತೂಗಿ ನೋಡಿ ಎನ್ನುತ್ತದೆ ಅದು. ಸಣ್ಣಪುಟ್ಟ ಕೆಲಸಗಳಿಗೆ ವಿನಾಯಿತಿ ಇದೆ. ನಡುವಿನವಕ್ಕೆ ಪರಿಸರ ಮೌಲ್ಯಮಾಪನ ಎಂಬ ಚಿಕ್ಕ ವರದಿ. ತುಂಬಾ ದೊಡ್ಡ ಕೆಲಸಕ್ಕೆ ಪೂರ್ಣ ಪ್ರಮಾಣದ ಪರಿಣಾಮ ವರದಿ. 2023ರಲ್ಲಿ ಸಂಸತ್ತು ಇವುಗಳಿಗೆ ಮಿತಿ ಹಾಕಿತು: ಚಿಕ್ಕ ವರದಿಗೆ 75 ಪುಟ, ಒಂದು ವರ್ಷ, ದೊಡ್ಡದಕ್ಕೆ ಸಾಮಾನ್ಯವಾಗಿ 150 ಪುಟ, ಎರಡು ವರ್ಷ.

ಇನ್ನೊಂದು, 1977ರ ಮೇ ತಿಂಗಳಲ್ಲಿ ಅಧ್ಯಕ್ಷ ಕಾರ್ಟರ್ ಹೊರಡಿಸಿದ 11988ನೇ ಆದೇಶ. ಇದು ನೇರವಾಗಿ ನೆರೆ ನುಗ್ಗುವ ಜಾಗಗಳಿಗೇ ಸಂಬಂಧಿಸಿದ್ದು. ಬೇರೆ ದಾರಿ ಇದ್ದರೆ ನದಿ ಹರಡುವ ಬಯಲಿನಲ್ಲಿ ಕಟ್ಟಬೇಡಿ, ಕಟ್ಟಲೇಬೇಕಾದರೆ ಜನರಿಗೆ ಬೇಗನೆ ತಿಳಿಸಿ ಎಂಬುದು ಇದರ ಸಾರ. ಫೀಮಾ ಇದನ್ನು ಎಂಟು ಹೆಜ್ಜೆಗಳ ನಿಯಮವಾಗಿ ಮಾಡಿಕೊಂಡಿದೆ. ಜಾಗ ನೆರೆ ಬಯಲಿನಲ್ಲಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಜನರಿಗೆ ಮೊದಲ ಪ್ರಕಟಣೆ ಕೊಡುವುದು ಎರಡನೆಯದು. ಪರ್ಯಾಯಗಳನ್ನು ಹುಡುಕುವುದು ಮೂರನೆಯದು. ಕೊನೆಯ ಪ್ರಕಟಣೆ ಏಳನೆಯದು, ಅದಾಗಿ ಕನಿಷ್ಠ 15 ದಿನ ಕಾಯಬೇಕು. ಎಂಟನೆಯದು ಕೆಲಸ.

ಕಾಗದದ ಮೇಲೆ ಚೆನ್ನಾಗಿದೆ. ಪರ್ಯಾಯ ಹುಡುಕುವ ಮೊದಲೇ ಜನರಿಗೆ ತಿಳಿಸಬೇಕು ಅಂದರೆ ಸರಿಯಾದ ಕ್ರಮವೇ, ಅಲ್ವಾ? ಆದರೆ ನಡೆಯುವ ರೀತಿ ನೋಡಿ. ಒಂದು ದೊಡ್ಡ ಚಂಡಮಾರುತ ಬಂದು ವಿಪತ್ತು ಘೋಷಣೆ ಆದ ಮೇಲೆ, ಆ ರಾಜ್ಯದಲ್ಲಿ ಮುಂದೆ ಬರಬಹುದಾದ ಎಲ್ಲ ಕಾಮಗಾರಿಗಳಿಗೂ ಸೇರಿಸಿ ಒಂದೇ 'ಮೊದಲ ಪ್ರಕಟಣೆ' ಹೊರಡಿಸುವುದು ರೂಢಿ. ಯಾವ ಹಳ್ಳ, ಯಾವ ಬೀದಿ, ಯಾವ ಗೋಡೆ ಎಂಬುದು ಅದರಲ್ಲಿ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಅದನ್ನು ಓದಿ ಯಾರಾದರೂ ಏನು ಹೇಳಿಯಾರು? ಮುಂದೆ ಊರಿನ ಎಂಜಿನಿಯರ್ ಒಂದು ವಿನ್ಯಾಸ ಮಾಡುತ್ತಾರೆ, ಎಸ್ಟಿಮೇಟ್ ಆಗುತ್ತದೆ, ಅನುದಾನಕ್ಕೆ ಅರ್ಜಿ ಹೋಗುತ್ತದೆ, ಫೀಮಾ ಅದನ್ನು ಆಯ್ಕೆ ಮಾಡುತ್ತದೆ. ಇದೆಲ್ಲಕ್ಕೆ ಎರಡು ಮೂರು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಬೀದಿಯ ಹೆಸರು ಹಾಕಿದ ಪ್ರಕಟಣೆ ಬರುವುದು ಇದಾದ ನಂತರ. ಆಗ ಯಾರಾದರೂ 'ಗೋಡೆ ಬೇಡ, ಮೇಲ್ಗಡೆ ಕೆರೆ ಮಾಡಿ' ಅಂದರೆ ಅರ್ಜಿಯನ್ನೇ ಹೊಸದಾಗಿ ಬರೆಯಬೇಕು. ಯಾವ ಆಡಳಿತವೂ ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ.

ವರದಿಯಲ್ಲಿ ಎಲ್ಲಿ ನೋಡಬೇಕು

ಹಾಗಂತ ಕರಡನ್ನು ಓದುವುದೇ ದಂಡ ಎಂದಲ್ಲ. 75 ಪುಟದಲ್ಲಿ ಹಕ್ಕಿ, ಮೀನು, ಹಳೆಯ ಕಟ್ಟಡ, ಧೂಳು, ಸದ್ದು ಎಲ್ಲದಕ್ಕೂ ಒಂದೊಂದು ಅಧ್ಯಾಯ ಇರುತ್ತದೆ. ಅವುಗಳನ್ನು ಬೇಗ ದಾಟಿ ಹೋಗಬಹುದು. ಕೂತು ಓದಬೇಕಾದ್ದು ಪರ್ಯಾಯಗಳ ಅಧ್ಯಾಯ.

ಅಲ್ಲಿ ಸಾಮಾನ್ಯವಾಗಿ ಮೂರು ಭಾಗ ಇರುತ್ತವೆ. ಏನೂ ಮಾಡದಿದ್ದರೆ ಏನಾಗುತ್ತದೆ, ಪ್ರಸ್ತಾವಿತ ಕೆಲಸ ಏನು, ಮತ್ತು 'ಪರಿಗಣಿಸಿ ಕೈಬಿಟ್ಟ ಪರ್ಯಾಯಗಳು'. ಈ ಮೂರನೆಯದು ಕೆಲವೊಮ್ಮೆ ಎರಡೇ ಪ್ಯಾರಾದಲ್ಲಿ ಮುಗಿದಿರುತ್ತದೆ. 'ಮನೆಗಳನ್ನು ಕೊಂಡು ತೆರವು ಮಾಡುವುದನ್ನು ಪರಿಗಣಿಸಲಾಯಿತು, ದುಬಾರಿ ಎಂದು ಕೈಬಿಡಲಾಯಿತು.' ಎಷ್ಟು ದುಬಾರಿ? ಯಾರು ಲೆಕ್ಕ ಹಾಕಿದರು? ಅಂಕಿ ಇಲ್ಲದಿದ್ದರೆ ಅಲ್ಲೇ ಗುರುತು ಹಾಕಿಕೊಳ್ಳಿ. ನನ್ನ ಅಂದಾಜಿನಲ್ಲಿ ಇಡೀ ಪರಿಶೀಲನೆಯ ಪ್ರಾಮಾಣಿಕತೆ ಆ ಎರಡು ಪ್ಯಾರಾದಲ್ಲಿ ಗೊತ್ತಾಗಿಬಿಡುತ್ತದೆ.

ಪರ್ಯಾಯವನ್ನು ನಿಜವಾಗಿ ಲೆಕ್ಕ ಹಾಕಿದರೆ ಏನಾಗಬಹುದು ಎನ್ನುವುದಕ್ಕೆ ಮ್ಯಾಸಚೂಸೆಟ್ಸ್‌ನ ಚಾರ್ಲ್ಸ್ ನದಿ ಒಳ್ಳೆಯ ಉದಾಹರಣೆ. ಬಾಸ್ಟನ್ ಪಕ್ಕ ಹರಿಯುವ ಈ ನದಿಗೆ ಅಣೆಕಟ್ಟು, ಒಡ್ಡು ಕಟ್ಟುವ ಲೆಕ್ಕ ಸುಮಾರು 10 ಕೋಟಿ ಡಾಲರ್ ಎಂದಾಯಿತು. ಮೇಲ್ಭಾಗದ ಜೌಗು ಭೂಮಿಗಳು ನೆರೆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ ಎಂದು ಸೇನೆಯ ಎಂಜಿನಿಯರ್‌ಗಳೇ (ಅಲ್ಲಿ ದೊಡ್ಡ ನೆರೆ ತಡೆ ಕೆಲಸಗಳು ಇವರದ್ದೇ) ಗಮನಿಸಿದರು. ಆ ಜಾಗಗಳನ್ನು ಕೊಂಡು, ಇಲ್ಲವೇ ಕಟ್ಟಡ ಕಟ್ಟದಂತೆ ಹಕ್ಕು ಪಡೆದು ಹಾಗೇ ಬಿಟ್ಟರೆ ಸಾಕು ಎಂದರು. 1974ರಲ್ಲಿ ಸಂಸತ್ತು ಒಪ್ಪಿತು. 17 ಜೌಗು ಪ್ರದೇಶ, ಸುಮಾರು 8,100 ಎಕರೆ, ಸುಮಾರು 1 ಕೋಟಿ ಡಾಲರ್. ಕಾಂಕ್ರೀಟ್ ಬಯಸುವ ಗುತ್ತಿಗೆದಾರರಿಗೆ ಇಷ್ಟವಾಗುವ ಯೋಜನೆ ಅಲ್ಲ ಬಿಡಿ.

ಎರಡನೆಯದಾಗಿ ನೋಡಬೇಕಾದ್ದು ಮಳೆಯ ಅಂಕಿ. 'ನೂರು ವರ್ಷದ ಮಳೆಗೆ ವಿನ್ಯಾಸ ಮಾಡಲಾಗಿದೆ' ಎಂದು ಬರೆದಿರುತ್ತಾರೆ. ನೂರು ವರ್ಷಕ್ಕೊಮ್ಮೆ ಎಂದುಕೊಂಡು ನಿಶ್ಚಿಂತೆಯಿಂದ ಇರಬೇಡಿ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ ಶೇ 1 ಎಂದಷ್ಟೇ ಅದರ ಅರ್ಥ. 30 ವರ್ಷದ ಮನೆಸಾಲ ತೀರುವಷ್ಟರಲ್ಲಿ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26. ಇನ್ನೂ ಮುಖ್ಯವಾದ್ದು, ಆ ನೂರು ವರ್ಷದ ಮಳೆ ಎಷ್ಟು ಎಂದು ಯಾವ ಕಾಲದ ದಾಖಲೆಯಿಂದ ತೆಗೆದಿದ್ದಾರೆ ಎಂಬುದು. ಹ್ಯೂಸ್ಟನ್ ಸುತ್ತಮುತ್ತ 24 ಗಂಟೆಯಲ್ಲಿ 13 ಇಂಚು ಎಂದಿದ್ದ ಅಂಕಿಯನ್ನು 2018ರಲ್ಲಿ ಹವಾಮಾನ ಸಂಸ್ಥೆ ನೋವಾ ಪರಿಷ್ಕರಿಸಿತು. ಕೆಲವು ಕಡೆ ಅದು 18 ಇಂಚಿಗೆ ಏರಿತು. ಹಿಂದೆ ನೂರು ವರ್ಷದ್ದು ಎನ್ನುತ್ತಿದ್ದ ಮಳೆ ಈಗ 25 ವರ್ಷದ್ದು. ಹಳೆಯ ಅಂಕಿ ಹಿಡಿದು ತೋಡಿದ ಕೊಳ ಹೊಸ ಮಳೆಗೆ ತುಂಬಿ ಚೆಲ್ಲುತ್ತದೆ. ಇದನ್ನು ಕೇಳಲು ಎಂಜಿನಿಯರ್ ಆಗಬೇಕಿಲ್ಲ.

ಮೂರನೆಯದು, ನೀರು ಎಲ್ಲಿಗೆ ಹೋಗುತ್ತದೆ? ಗೋಡೆ ಕಟ್ಟಿದರೆ ನೀರು ಮಾಯವಾಗುವುದಿಲ್ಲ. ಎದುರು ದಡಕ್ಕೆ, ಕೆಳಗಿನ ಊರಿಗೆ, ಪಕ್ಕದ ಬಡಾವಣೆಗೆ ಹೋಗುತ್ತದೆ. 2011ರ ಮೇ 2ರಂದು ಮಿಸಿಸಿಪ್ಪಿ ಉಕ್ಕಿದಾಗ ಇಲಿನಾಯ್‌ನ ಕೇರೋ ಪಟ್ಟಣವನ್ನು ಉಳಿಸಲು ಸೇನೆಯ ಎಂಜಿನಿಯರ್‌ಗಳು ಮಿಸ್ಸೂರಿ ಕಡೆಯ ಬರ್ಡ್ಸ್ ಪಾಯಿಂಟ್ ಒಡ್ಡನ್ನು ಸ್ಫೋಟಿಸಿದರು. ಸುಮಾರು 1,30,000 ಎಕರೆ ಹೊಲ ಮುಳುಗಿತು. ಪಿನ್‌ಹುಕ್ ಎಂಬ ಕಪ್ಪು ಜನರ ಪುಟ್ಟ ಹಳ್ಳಿ ಮತ್ತೆ ಏಳದಂತೆ ಹೋಯಿತು. ಅಲ್ಲಿ ನೀರು ಬಿಡಬಹುದು ಎಂಬ ತೀರ್ಮಾನ 1927ರ ಮಹಾ ನೆರೆಯ ಮರುವರ್ಷವೇ ಆಗಿತ್ತು. ಸಣ್ಣ ಹಳ್ಳದ ಕಾಮಗಾರಿಯಲ್ಲಿ ಸ್ಫೋಟಕದ ಮಾತು ಬರುವುದಿಲ್ಲ ನಿಜ. ಆದರೆ ಮೇಲಿನ ಬೀದಿಯ ಮೋರಿಯನ್ನು ಅಗಲ ಮಾಡಿ ಕೆಳಗಿನದನ್ನು ಹಾಗೇ ಬಿಟ್ಟರೆ ಕೆಳಗಿನವರ ಅಂಗಳದಲ್ಲಿ ನಡೆಯುವುದೂ ಅದೇ.

ಅಭಿಪ್ರಾಯ ಬರೆಯುವಾಗಲೂ ಇಂಥ ನಿಖರತೆ ಬೇಕು. 'ಈ ಯೋಜನೆ ನನಗೆ ಇಷ್ಟವಿಲ್ಲ' ಎಂದರೆ ಅಂತಿಮ ವರದಿಯಲ್ಲಿ 'ಗಮನಿಸಲಾಗಿದೆ' ಎಂಬ ಉತ್ತರ ಬರುತ್ತದೆ. 'ನಿಮ್ಮ ನಕ್ಷೆಯಲ್ಲಿ ಈ ಮೋರಿ 6 ಅಡಿ ಎಂದಿದೆ, ಅಳೆದರೆ 4 ಅಡಿ ಇದೆ. ಹಿಂದಿನ ನೆರೆಯಲ್ಲಿ ನಮ್ಮ ಗ್ಯಾರೇಜಿನ ಗೋಡೆಯ ಮೇಲೆ ನೀರು ನಿಂತ ಗುರುತಿನ ಫೋಟೋ ಇಲ್ಲಿದೆ, ನಿಮ್ಮ ಲೆಕ್ಕದ ಪ್ರಕಾರ ಅಲ್ಲಿ ನೀರೇ ಬರಬಾರದಿತ್ತು' ಎಂದು ಬರೆದರೆ ಯಾರಾದರೂ ಕೂತು ಉತ್ತರ ಕೊಡಬೇಕಾಗುತ್ತದೆ. ಕಂಪ್ಯೂಟರ್ ಮಾದರಿಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಹಳ್ಳದ ಪಕ್ಕ ವಾಸಿಸುವವರಿಗೆ ಗೊತ್ತಿರುತ್ತದೆ.

ಲಾಭ–ವೆಚ್ಚದ ಲೆಕ್ಕ

ಪ್ರಕಟಣೆಯಲ್ಲಿ ಬರದ, ಆದರೆ ಯಾವ ಬೀದಿಗೆ ಕೊಳ, ಯಾವ ಬೀದಿಗೆ ಬರೀ ಭರವಸೆ ಎಂದು ತೀರ್ಮಾನಿಸುವ ಒಂದು ಲೆಕ್ಕ ಇದೆ. ಖರ್ಚು ಮಾಡುವ ಪ್ರತಿ ಡಾಲರಿಗೆ ಕನಿಷ್ಠ ಒಂದು ಡಾಲರಿನಷ್ಟು ನಷ್ಟ ತಪ್ಪಬೇಕು. ಇಲ್ಲದಿದ್ದರೆ ಸಾಮಾನ್ಯವಾಗಿ ಅನುದಾನ ಸಿಗುವುದಿಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಈಗ ಎರಡು ಬೀದಿಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ತಲಾ 8 ಲಕ್ಷ ಡಾಲರಿನ 20 ಮನೆ. ಇನ್ನೊಂದರಲ್ಲಿ ತಲಾ 1.5 ಲಕ್ಷದ 40 ಮನೆ. ಮೊದಲ ಬೀದಿಯಲ್ಲಿ ಅಪಾಯದಲ್ಲಿರುವ ಆಸ್ತಿ 1.6 ಕೋಟಿ, ಎರಡನೆಯದರಲ್ಲಿ 60 ಲಕ್ಷ. ಜನ ಜಾಸ್ತಿ ಇರುವುದು ಎರಡನೆಯ ಬೀದಿಯಲ್ಲಿ, ಅಂಕ ಜಾಸ್ತಿ ಬೀಳುವುದು ಮೊದಲನೆಯದಕ್ಕೆ.

ಇದರ ಮೇಲೆ ಕಾಲದ ಲೆಕ್ಕ. ಮುಂದೆಂದೋ ತಪ್ಪುವ ನಷ್ಟಕ್ಕೆ ಇವತ್ತಿನ ಬೆಲೆ ಎಷ್ಟು ಎಂದು ಒಂದು ದರ ಹಿಡಿದು ಇಳಿಸುತ್ತಾರೆ. ಫೀಮಾ ಬಹಳ ಕಾಲ ಬಳಸಿದ್ದು ಶೇ 7ರ ದರ. ಆ ದರದಲ್ಲಿ 50 ವರ್ಷದ ನಂತರ ಉಳಿಯುವ 100 ಡಾಲರಿಗೆ ಇವತ್ತಿನ ಬೆಲೆ 3 ಡಾಲರ್ ಚಿಲ್ಲರೆ. ಅದೇ ಶೇ 3 ಹಿಡಿದರೆ ಸುಮಾರು 23 ಡಾಲರ್. ತಲೆಮಾರುಗಟ್ಟಲೆ ಉಳಿಯುವ ಜೌಗು ಭೂಮಿ, ಮರ, ಕೆರೆಗಳು ಸೋಲುವುದು ಇಲ್ಲೇ. ದರ ಎಷ್ಟೆಂದು ತೀರ್ಮಾನವಾಗುವುದು ವಾಷಿಂಗ್ಟನ್‌ನಲ್ಲಿ. ಊರಿನ ಸಭಾಂಗಣದಲ್ಲಿ ಎಷ್ಟು ಕೂಗಿದರೂ ಅದು ಬದಲಾಗದು.

ಟೆಕ್ಸಸ್‌ನಲ್ಲಿ ಇಂಥದ್ದೇ ಒಂದು ಸೂತ್ರ ದೊಡ್ಡ ಜಗಳವಾಯಿತು. 2017ರ ಹಾರ್ವೆ ಚಂಡಮಾರುತದ ನಂತರ ಬಂದ ಕೇಂದ್ರ ಹಣದಲ್ಲಿ ಸುಮಾರು 100 ಕೋಟಿ ಡಾಲರನ್ನು 2021ರಲ್ಲಿ ರಾಜ್ಯದ ಭೂ ಕಚೇರಿ ಹಂಚಿತು. ಅತಿ ಹೆಚ್ಚು ಹೊಡೆತ ತಿಂದ ಹ್ಯೂಸ್ಟನ್ ನಗರಕ್ಕೆ ಸಿಕ್ಕಿದ್ದು ಸೊನ್ನೆ. ಕಾರಣ ಅಂಕ ಕೊಡುವ ರೀತಿ. ಊರಿನ ಜನಸಂಖ್ಯೆಯಲ್ಲಿ ಎಷ್ಟು ಪಾಲಿಗೆ ಲಾಭ ಎಂದು ನೋಡಿದರೆ ಸಣ್ಣ ಊರುಗಳೇ ಗೆಲ್ಲುತ್ತವೆ. ಇದು ಕಪ್ಪು ಮತ್ತು ಹಿಸ್ಪಾನಿಕ್ ನಿವಾಸಿಗಳಿಗೆ ತಾರತಮ್ಯ ಎಂದು ಕೇಂದ್ರದ ವಸತಿ ಇಲಾಖೆ 2022ರಲ್ಲಿ ಹೇಳಿತು, ರಾಜ್ಯ ಒಪ್ಪಲಿಲ್ಲ.

ಎರಡು ಗೋಡೆ, ಒಂದು ನದಿ

ಜನರ ಮಾತಿನಿಂದ ಕಾಮಗಾರಿ ಬದಲಾದದ್ದೇ ಇಲ್ಲವೇ? ಆಗಿದೆ. ಸ್ಯಾಂಡಿ ಚಂಡಮಾರುತ 2012ರಲ್ಲಿ ನ್ಯೂಜೆರ್ಸಿಯ ಹೋಬೋಕನ್ ಊರನ್ನು ಮುಳುಗಿಸಿತ್ತು. ಅದರ ರಕ್ಷಣೆಗೆ ಕೇಂದ್ರ 23 ಕೋಟಿ ಡಾಲರ್ ಕೊಟ್ಟಿತು. ಹಡ್ಸನ್ ದಡದ ಉದ್ದಕ್ಕೂ ಗೋಡೆ ಎಳೆಯುವ ನಕ್ಷೆಗಳು ಹೊರಬಿದ್ದಾಗ ಜನ ಸಿಟ್ಟಾದರು. ನದಿ ಕಾಣುವುದಿಲ್ಲ, ದಡಕ್ಕೆ ಹೋಗಲಾಗುವುದಿಲ್ಲ ಎಂದರು. ಆಗಿನ್ನೂ ಹಲವು ನಕ್ಷೆಗಳು ಮೇಜಿನ ಮೇಲೇ ಇದ್ದವು, ಒಂದೂ ಅಂತಿಮವಾಗಿರಲಿಲ್ಲ. 2016ರಲ್ಲಿ ಆಯ್ಕೆಯಾದ ನಕ್ಷೆಯಲ್ಲಿ ಊರಿನ ಉತ್ತರ ಭಾಗದ ಗೋಡೆ ದಡ ಬಿಟ್ಟು ಒಳಗೆ ಸರಿದಿತ್ತು, 14 ಮತ್ತು 15ನೇ ಬೀದಿಗಳ ನಡುವಿನ ಓಣಿಗೆ.

ಹಡ್ಸನ್ ಆಚೆ, ನ್ಯೂಯಾರ್ಕ್‌ನಲ್ಲಿ, ಕಥೆ ತಿರುಗುಮುರುಗು. ಮ್ಯಾನ್‌ಹಟನ್‌ನ ಈಸ್ಟ್ ರಿವರ್ ಪಾರ್ಕ್ ಬದಿಯ ರಕ್ಷಣಾ ಯೋಜನೆಗೆ ಕೇಂದ್ರದ 33.5 ಕೋಟಿ ಡಾಲರ್ ಬಂತು. ನಿವಾಸಿಗಳ ಜೊತೆ ವರ್ಷಗಟ್ಟಲೆ ಸಭೆಗಳಾದವು. ಹೆದ್ದಾರಿ ಪಕ್ಕ ಮಣ್ಣಿನ ದಿಬ್ಬ, ನೆರೆ ಬಂದರೆ ಉದ್ಯಾನ ನೆನೆಯಲಿ ಎಂಬ ಒಪ್ಪಂದಕ್ಕೆ ಬಂದಿದ್ದರು. 2018ರಲ್ಲಿ ನಗರಾಡಳಿತ ಇದ್ದಕ್ಕಿದ್ದಂತೆ ನಕ್ಷೆ ಬದಲಿಸಿತು. ಇಡೀ ಉದ್ಯಾನವನ್ನೇ ಎಂಟು ಅಡಿಯಷ್ಟು ಎತ್ತರಿಸುವುದು, ಸುಮಾರು ಸಾವಿರ ಮರ ಕಡಿಯುವುದು. ವೆಚ್ಚ 145 ಕೋಟಿ ಡಾಲರಿಗೆ ಏರಿತು. ಹೆದ್ದಾರಿ ಪಕ್ಕ ರಾತ್ರಿ ಕೆಲಸ ತಪ್ಪುತ್ತದೆ, ಬೇಗ ಮುಗಿಯುತ್ತದೆ, ಕೇಂದ್ರದ ಹಣಕ್ಕೆ ಗಡುವಿದೆ ಎಂದು ನಗರ ಕಾರಣ ಕೊಟ್ಟಿತು. ಆ ಕಾರಣಗಳಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಬದಲಾವಣೆಯ ನಂತರವೂ ಕಾನೂನು ಪ್ರಕಾರ ಪರಿಶೀಲನೆ ನಡೆಯಿತು, ಸಭೆ ನಡೆದವು, ಪ್ರತಿಭಟನೆ ನಡೆಯಿತು. ನಕ್ಷೆ ಹಿಂದಿನದಕ್ಕೆ ಮರಳಲಿಲ್ಲ. ವರ್ಷಗಟ್ಟಲೆ ಕೇಳಿದ್ದೂ ಲೆಕ್ಕಕ್ಕೆ ಬಾರದೇ ಹೋಗಬಹುದು ಎಂದು ಅಲ್ಲಿಯ ಜನ ಕಲಿತರು.

ಇವೆರಡಕ್ಕಿಂತ ನನಗೆ ಮೆಚ್ಚುಗೆಯಾಗುವುದು ಕ್ಯಾಲಿಫೋರ್ನಿಯಾದ ನಾಪಾ. ಅಲ್ಲಿಯ ನದಿಗೆ ನೆರೆ ತಡೆ ಯೋಜನೆಯನ್ನು ಸಂಸತ್ತು 1965ರಲ್ಲೇ ಮಂಜೂರು ಮಾಡಿತ್ತು. ನದಿಯನ್ನು ಅಗೆದು ನೇರ ಕಾಲುವೆಯಂತೆ ಮಾಡುವ ಹಳೇ ಮಾದರಿ. ಸ್ಥಳೀಯ ಪಾಲು ಕೊಡಲು ಮತದಾರರು 1970ರ ದಶಕದಲ್ಲಿ ಎರಡು ಸಲ ನಿರಾಕರಿಸಿದರು. 1986ರಲ್ಲಿ ಭಾರೀ ನೆರೆ ಬಂತು. 1990ರ ದಶಕದ ನಡುವಿನಲ್ಲಿ ಸೇನೆಯ ಎಂಜಿನಿಯರ್‌ಗಳು ತಂದ ಹೊಸ ಕರಡಿಗೂ ವಿರೋಧ ಬಂದಾಗ, ವ್ಯಾಪಾರಿಗಳು, ಪರಿಸರದವರು, ಅಧಿಕಾರಿಗಳು, ಎಂಜಿನಿಯರ್‌ಗಳು ಒಂದು ಒಕ್ಕೂಟ ಮಾಡಿಕೊಂಡು ನಕ್ಷೆಯನ್ನು ಮೊದಲಿನಿಂದ ಬರೆಯಲು ಕೂತರು. ನದಿಗೆ ಅದರ ಹಳೆಯ ಬಯಲನ್ನು ಮರಳಿ ಕೊಡುವುದು, ಅಡ್ಡವಿರುವ ಸೇತುವೆಗಳನ್ನು ಎತ್ತರಿಸುವುದು, ಊರೊಳಗಿನ ದೊಡ್ಡ ತಿರುವಿಗೆ ಒಂದು ಒಳದಾರಿ ತೆಗೆಯುವುದು. 1998ರ ಮಾರ್ಚ್‌ನಲ್ಲಿ ಇದಕ್ಕಾಗಿ ಅರ್ಧ ಸೆಂಟ್ ಮಾರಾಟ ತೆರಿಗೆಗೆ ಮತ ಕೇಳಿದರು. ಮೂರನೇ ಎರಡು ಭಾಗ ಮತ ಬೇಕಿತ್ತು, ಸ್ವಲ್ಪದರಲ್ಲಿ ದಾಟಿತು.

ನಾಪಾದಲ್ಲಿ ಜನರ ಕೈಯಲ್ಲಿ ಅಭಿಪ್ರಾಯ ಪತ್ರಕ್ಕಿಂತ ಗಟ್ಟಿಯಾದ ಒಂದು ಅಸ್ತ್ರ ಇತ್ತು, ಸ್ಥಳೀಯ ಪಾಲಿನ ಹಣ. ಅವರು ಕೊಡದಿದ್ದರೆ ಕೇಂದ್ರದ ಹಣವೂ ಬರುವಂತಿರಲಿಲ್ಲ. ಹಾಗೆಂದು ಅದನ್ನು ಸುಖಾಂತ ಎಂದು ಸುಮ್ನೆ ಹೊಗಳುವಂತಿಲ್ಲ. ಕೆಲಸ ವರ್ಷಾನುಗಟ್ಟಲೆ ಎಳೆಯಿತು, ಮುಗಿಯುವ ಮುಂಚೆಯೇ 2005ರ ಕೊನೆಯ ದಿನ ಮತ್ತೆ ನೆರೆ ಬಂತು.

2025ರಲ್ಲಿ ಏನಾಯಿತು

ಪರಿಶೀಲನೆ ನಿಧಾನ ಎಂಬ ದೂರು ಹಳೆಯದು, ಅರ್ಧ ನಿಜ ಕೂಡ. ಒಂದು ಮೋರಿ ಬದಲಿಸಲು ವರ್ಷಗಟ್ಟಲೆ ಕಾಗದ ಓಡಾಡಿದರೆ, ಅಷ್ಟು ದಿನವೂ ನೀರು ನುಗ್ಗುವುದು ಕೆಳಗಿನ ಬೀದಿಯವರ ಮನೆಗೇ. ಪರಿಸರದ ಹೆಸರಲ್ಲಿ ತಮ್ಮ ಕಿಟಕಿಯ ನೋಟ ಉಳಿಸಿಕೊಳ್ಳುವವರೂ ಇದ್ದಾರೆ.

ಆದರೆ ಈಗಿನ ಬದಲಾವಣೆ ಇದನ್ನು ಸರಿಪಡಿಸುವ ರೀತಿ ಬೇರೆ. ನೀಪಾ ಜಾರಿಗೆ ದಶಕಗಳಿಂದ ಎಲ್ಲ ಇಲಾಖೆಗಳಿಗೂ ಒಂದೇ ನಿಯಮಾವಳಿ ಇತ್ತು. ಶ್ವೇತಭವನದ ಪರಿಸರ ಮಂಡಳಿ 2025ರ ಫೆಬ್ರುವರಿಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ಇಲಾಖೆಗಳು ತಂತಮ್ಮ ಪದ್ಧತಿ ಬರೆದುಕೊಂಡವು. ಹಲವು ಇಲಾಖೆಗಳಲ್ಲಿ ಕರಡನ್ನು ಜನರ ಮುಂದಿಡುವುದು ಈಗ ಕಡ್ಡಾಯವಲ್ಲ, ಅಧಿಕಾರಿಗಳ ಇಷ್ಟಕ್ಕೆ ಬಿಟ್ಟದ್ದು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಒಂದು ರೈಲು ಮಾರ್ಗದ ಪ್ರಕರಣದಲ್ಲಿ, ಇಂಥ ವರದಿಗಳ ವಿಷಯದಲ್ಲಿ ನ್ಯಾಯಾಲಯಗಳು ಇಲಾಖೆಯ ವಿವೇಚನೆಗೆ ಹೆಚ್ಚು ಮನ್ನಣೆ ಕೊಡಬೇಕು ಎಂದಿತು. ಅಂದರೆ ವರದಿ ಸಾಲದು ಎಂದು ಕೋರ್ಟಿಗೆ ಹೋಗುವ ದಾರಿಯೂ ಕಿರಿದಾಯಿತು. ಕಾರ್ಟರ್ ಆದೇಶ ಉಳಿದಿದೆ. ಆದರೆ ಕೇಂದ್ರದ ಹಣದಲ್ಲಿ ಕಟ್ಟುವುದು ಮುಂದಿನ ನೆರೆಯ ಮಟ್ಟಕ್ಕಿಂತ ಮೇಲಿರಲಿ ಎಂದು ಅದಕ್ಕೆ ಜೋಡಿಸಿದ್ದ ಮಾನದಂಡ ಬಿದ್ದುಹೋಗಿದೆ. ಒಬಾಮ 2015ರಲ್ಲಿ ತಂದರು, ಟ್ರಂಪ್ 2017ರಲ್ಲಿ ರದ್ದು ಮಾಡಿದರು, ಬೈಡನ್ 2021ರಲ್ಲಿ ಮರಳಿ ತಂದರು, ಟ್ರಂಪ್ 2025ರಲ್ಲಿ ಮತ್ತೆ ರದ್ದು ಮಾಡಿದರು. ಐವತ್ತು ವರ್ಷ ಬಾಳಬೇಕಾದ ಸೇತುವೆಯ ಎತ್ತರ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತಿದೆ.

ಹಣದ ಕಡೆಯೂ ಗೊಂದಲವೇ. ಅನಾಹುತಕ್ಕೆ ಮೊದಲೇ ತಯಾರಿ ಮಾಡಿಕೊಳ್ಳಲು ಊರುಗಳಿಗೆ ಅನುದಾನ ಕೊಡುತ್ತಿದ್ದ ಬ್ರಿಕ್ ಎಂಬ ಯೋಜನೆಯನ್ನು ಫೀಮಾ 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಹಲವು ರಾಜ್ಯಗಳು ಕೋರ್ಟಿಗೆ ಹೋದವು.

ಅದಕ್ಕೂ ಮುಂಚಿನ ಮೇಜು

ಹಾಗಾದರೆ ಜನ ಮಾತಾಡಬೇಕಾದ್ದು ಎಲ್ಲಿ? ಅನುದಾನಕ್ಕೆ ಅರ್ಜಿ ಹಾಕಬೇಕಾದರೆ ಊರಿನ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರಲ್ಲಿ ಒಂದು ವಿಪತ್ತು ತಗ್ಗಿಸುವ ಯೋಜನೆ ಇರಬೇಕು ಎಂಬ ನಿಯಮ 2000ನೇ ಇಸವಿಯ ಕಾಯ್ದೆಯಿಂದ ಬಂದಿದೆ. ಐದು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಬೇಕು. ಬರೆಯುವಾಗ ಒಮ್ಮೆ, ಮಂಜೂರಾತಿಗೆ ಮೊದಲು ಒಮ್ಮೆ ಜನರಿಗೆ ಅವಕಾಶ ಕೊಡಲೇಬೇಕು. ನೂರಾರು ಪುಟದ ಈ ದಾಖಲೆಯಲ್ಲಿ ನೋಡಬೇಕಾದ್ದು ಒಂದು ಕೋಷ್ಟಕ. ಕೆಲಸದ ಹೆಸರು, ಆದ್ಯತೆ, ಅಂದಾಜು ವೆಚ್ಚ, ಯಾವ ಇಲಾಖೆ ಹೊಣೆ. ಮುಂದೆ ಎಂದೋ ಪತ್ರಿಕೆಯಲ್ಲಿ ಬರುವ ಗೋಡೆ, ಕೊಳ, ಮೋರಿ ಮೊದಲು ಹುಟ್ಟುವುದು ಇಲ್ಲೇ, ಒಂದು ಸಾಲಾಗಿ. ನಕ್ಷೆ ಇಲ್ಲ, ಗುತ್ತಿಗೆ ಇಲ್ಲ, ಯಾರ ಮರ್ಯಾದೆಯೂ ಪಣಕ್ಕಿಲ್ಲ. ಸಾಲು ಬದಲಿಸುವುದು ಸುಲಭ.

ನಂತರದ ಮೇಜು ಕೌನ್ಸಿಲ್ ಸಭೆ. ಸ್ಥಳೀಯ ಪಾಲಿನ ಹಣಕ್ಕೆ ಒಪ್ಪಿಗೆ ಕೊಡುವುದು ಸಾಮಾನ್ಯವಾಗಿ ಅಲ್ಲಿ, ತೆರೆದ ಸಭೆಯಲ್ಲಿ. ಕೊಳದ ಹೂಳನ್ನು 20 ವರ್ಷದ ನಂತರ ಯಾರು ತೆಗೆಯುತ್ತಾರೆ, ಅದಕ್ಕೆ ಬಜೆಟ್ಟಿನಲ್ಲಿ ದುಡ್ಡು ಎಲ್ಲಿ ಎಂದು ಕೇಳಬೇಕಾದ್ದೂ ಅಲ್ಲೇ. ನಿರ್ವಹಣೆ ಊರಿನ ಹೊಣೆ, ಫೀಮಾ ಅದಕ್ಕೆ ಹಣ ಕೊಡುವುದಿಲ್ಲ. ಕೌಂಟಿಯ ಈಗಿನ ಯೋಜನೆಯ ಅವಧಿ ಯಾವಾಗ ಮುಗಿಯುತ್ತದೆ ಎಂದು ಕೌಂಟಿಯ ವಿಪತ್ತು ನಿರ್ವಹಣಾ ಕಚೇರಿಗೆ ಒಂದು ಫೋನ್ ಮಾಡಿದರೆ ಹೇಳುತ್ತಾರೆ. ಹೊಸ ಕರಡಿನ ಕೆಲಸ ಸಾಮಾನ್ಯವಾಗಿ ಅದಕ್ಕೂ ಒಂದು ವರ್ಷ ಮೊದಲೇ ಶುರುವಾಗಿರುತ್ತದೆ.